ಭೂಮಿಗೆ ಕೊಡೆ

ಮಾರ್ಚ್ 3, ಮಂಗಳವಾರ

ತಂಪು ಮಾಡುವ ದಾರಿ ಗೊತ್ತಿದ್ದೂ ಸುಮ್ಮನೆ ಕೂತಿರುವುದು ಅಪರಾಧ. ತಪ್ಪು ಅನ್ನುವುದಿಲ್ಲ, ಅಪರಾಧ ಅನ್ನುತ್ತೇನೆ. ಭೂಮಿ ಕಾಯುತ್ತಿದೆ, ಆ ಮಾತಿನ ಎರಡೂ ಅರ್ಥದಲ್ಲಿ. ದೊಡ್ಡವರು ಮಾತ್ರ ಸಭೆ ಸೇರಿ ಮುಂದಿನ ಸಭೆಯ ದಿನಾಂಕ ಗೊತ್ತುಮಾಡಿ ಎದ್ದು ಹೋಗುತ್ತಿದ್ದಾರೆ.

ದೊಡ್ಡ ಜ್ವಾಲಾಮುಖಿ ಸಿಡಿದ ಮೇಲೆ ಒಂದೆರಡು ವರ್ಷ ಇಡೀ ಭೂಮಿ ತುಸು ತಣ್ಣಗಾಗುತ್ತದೆ. ಇದು ಊಹೆಯಲ್ಲ, ಅಳೆದು ನೋಡಿದ್ದು. ಬೆಟ್ಟ ಉಗುಳಿದ ಗಂಧಕ ಮಳೆಮೋಡಗಳಿಗಿಂತ ಎಷ್ಟೋ ಮೇಲೆ ಹೋಗಿ, ಕಣ್ಣಿಗೆ ಕಾಣದ ಹನಿಗಳಾಗಿ ಹರಡಿ, ಬಿಸಿಲಿನ ಒಂದು ಪಾಲನ್ನು ಬಂದ ದಾರಿಗೇ ಹಿಂದಕ್ಕೆ ಕಳಿಸುತ್ತದೆ. ಬೆಟ್ಟಕ್ಕೆ ಆಗುವುದು ಮನುಷ್ಯನಿಗೆ ಯಾಕಾಗಬಾರದು?

ಅಪ್ಪ ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ಆಯುಸ್ಸು ಕಳೆದವರು. ಹೋದ ಬೇಸಿಗೆ ಅಲ್ಲೇ ಕುಸಿದು ಬಿದ್ದರು. ಕುಲುಮೆ ಮೊದಲೂ ಅಷ್ಟೇ ಬಿಸಿ ಇತ್ತು. ಆದರೆ ಮೊದಲೆಲ್ಲ ಹೊರಗೆ ಬಂದರೆ ಗಾಳಿ ತಣ್ಣಗಿರುತ್ತಿತ್ತು. ಈಗ ಹೊರಗೂ ಕುಲುಮೆ. ಇನ್ನು ಬಿಸಿಯ ಹತ್ತಿರ ಸುಳಿಯಲೇಬೇಡಿ ಅಂದರು ಡಾಕ್ಟರು. ಕೆಲಸದ ಕೋಟು ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದೆ. ಅಪ್ಪ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಕೂತಿರುತ್ತಾರೆ. ಆ ಕೋಟು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಅದಕ್ಕೇ ಓದಿದೆ. ಕಾಲೇಜಿನಲ್ಲಲ್ಲ, ಬಸ್ ನಿಲ್ದಾಣದ ಬಳಿಯ ಹಳೆ ಪುಸ್ತಕದಂಗಡಿಯಲ್ಲಿ, ಪಿನ್ನು ತುಕ್ಕು ಹಿಡಿದ ಕಿರುಪುಸ್ತಕಗಳಲ್ಲಿ. ಅದಕ್ಕೇ ಹವಾಮಾನ ಕೇಂದ್ರದ ಬಲೂನ್ ಶೆಡ್ಡಿನಲ್ಲಿ ಸಹಾಯಕಿಯಾಗಿ ಸೇರಿದೆ. ಅದಕ್ಕೇ ಬೀದಿಯವರು ನನ್ನನ್ನು ‘ಕರಪತ್ರ’ ಅನ್ನುತ್ತಾರೆ. ಅನ್ನಲಿ.

ಮಾರ್ಚ್ 5, ಗುರುವಾರ

ಬಲೂನಿನಲ್ಲಿ ಮೇಲೆ ಕಳಿಸುವ ಪುಡಿ ಬಂತು! ನಮ್ಮ ಕೇಂದ್ರದ ಎಂಜಿನಿಯರ್ ಸಾರ್ ಚೀಲ ಬಿಚ್ಚುವ ಮೊದಲು ಫ್ಯಾನು ಆರಿಸಲು ಹೇಳಿದರು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಚಿಟಿಕೆ ಪುಡಿ ಉದುರಿಸಿದರು. ಮಂಜು ಕೂತ ಹಾಗೆ ಕೂತಿತು. ಟಾರ್ಚು ಬಿಟ್ಟರೆ ಬೆಳಕು ಮುಖಕ್ಕೇ ವಾಪಸ್.

“ಗಂಧಕ ಅಲ್ವಾ ಸಾರ್?”

“ಗಂಧಕ ಓಜೋನ್ ಪದರಕ್ಕೆ ಒಳ್ಳೇದಲ್ಲ. ಇದು ಸುಣ್ಣಕಲ್ಲಿನ ಪುಡಿ. ಅಷ್ಟು ತೊಂದರೆ ಕೊಡಲ್ಲ ಅಂತ ಲೆಕ್ಕ ಹೇಳುತ್ತೆ. ಲೆಕ್ಕ ಹೇಳೋದನ್ನ ಆಕಾಶ ಒಪ್ಪುತ್ತಾ ಅಂತ ನೋಡೋಕೇ ಈ ಪರೀಕ್ಷೆ.”

ಇಡೀ ಕಷ್ಟ ಇರುವುದು ಕಣದ ಗಾತ್ರದಲ್ಲಿ. ದಪ್ಪಗಿದ್ದರೆ ಬೇಗ ಕೆಳಗಿಳಿದುಬಿಡುತ್ತದೆ. ತೀರಾ ನವಿರಾಗಿದ್ದರೆ ಬಿಸಿಲನ್ನು ತಿರುಗಿಸುವುದಿಲ್ಲ. ಒಂದಕ್ಕೊಂದು ಅಂಟಿಕೊಂಡರೆ, ಸರಿಯಾಗಿ ಕಲಸದ ಹಿಟ್ಟಿನ ಹಾಗೆ ಗಂಟು. ನಮ್ಮ ಬಲೂನು ಒಂದು ಸಣ್ಣ ಚೀಲ ಪುಡಿಯನ್ನು ಮೋಡಗಳಾಚೆ ಒಯ್ದು ಗೆರೆ ಎಳೆದ ಹಾಗೆ ಬಿಡುತ್ತದೆ. ಆಮೇಲೆ ಉಪಕರಣ ಆ ಗೆರೆಯೊಳಗೇ ಹಾದು, ಕಣಗಳು ಹೇಗೆ ಹರಡಿದವು, ಗಂಟಾದವೋ ಇಲ್ಲವೋ ನೋಡಿಕೊಂಡು ಬರುತ್ತದೆ. ಮೇಲಿನ ಗಾಳಿ ಈ ತಿಂಗಳ ಕೊನೆಯವರೆಗೆ ನೆಟ್ಟಗಿರುತ್ತದೆ. ಆಮೇಲೆ ತಿರುಗಿತು ಅಂದರೆ ಮುಂದಿನ ವರ್ಷವೇ.

ಊರಿನ ಒಪ್ಪಿಗೆ ಬೇಕು ಅಂತ ವಾರ್ಡ್ ಕಚೇರಿಯವರು ಪಟ್ಟು ಹಿಡಿದಿದ್ದಾರೆ. ಹದಿನಾಲ್ಕಕ್ಕೆ ಸಭೆ. ಜನರಿಗೆ ತಿಳಿಸಿ ಹೇಳುವ ಕೆಲಸ ನನಗೆ ಬಂತು.

ಗೋಡೆಬರಹಕ್ಕೆ ‘ಭೂಮಿಗೆ ಛತ್ರಿ’ ಅನ್ನೋಣ ಅಂದರು ಸಾರ್. ಪಾಪ, ಅವರಿಗೆ ನಮ್ಮ ಬೀದಿ ಗೊತ್ತಿಲ್ಲ. ಇಲ್ಲಿ ಛತ್ರಿ ಅಂದರೆ ಟೋಪಿ ಹಾಕುವವನು. ಜನ ಮೊದಲು ನಕ್ಕು ಆಮೇಲೂ ನಗುತ್ತಾರೆ. ನಾನು ‘ಕೊಡೆ’ ಅಂದೆ. ಶುದ್ಧವಾದ ಮಾತು. ಎರಡೇ ಅಕ್ಷರ. ಗೋಡೆಗೆ ಹೇಳಿಮಾಡಿಸಿದ್ದು. ಸಂಜೆಯೊಳಗೆ ಮೂರು ಬೀದಿಗಳಲ್ಲಿ ನೀಲಿ ಬಣ್ಣದಲ್ಲಿ ಬರೆದೆ: ಭೂಮಿಗೆ ಕೊಡೆ! ಪಕ್ಕದಲ್ಲಿ ಬಿಡಿಸಿದ ಕೊಡೆಯ ಚಿತ್ರ.

ಮಾರ್ಚ್ 8, ಭಾನುವಾರ

ಮನೆಮನೆ ಸುತ್ತಿದೆ. ಕೊನೆಗೆ ನಮ್ಮದೇ ಮನೆಯ ಕೆಳಗಿನ ಇಸ್ತ್ರಿ ಅಂಗಡಿ. ಅತ್ತೆ, ಅಂದರೆ ಅಪ್ಪನ ತಂಗಿ, ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಮೈಭಾರ ಹಾಕಿ ಇಸ್ತ್ರಿ ತಿಕ್ಕುತ್ತಿದ್ದಳು.

“ಬಂತಪ್ಪ ಕರಪತ್ರ! ಇವತ್ತು ಆಕಾಶಕ್ಕೆ ಇಸ್ತ್ರಿನೋ, ಬರೀ ಗಂಜಿನೋ?”

“ನಗು ನೀನು. ದಿನಾ ಬೆವರಲ್ಲೇ ಸ್ನಾನ ಮಾಡೋಳೂ ನೀನೇ.”

“ಮಾಡ್ತೀನಿ. ಅದಕ್ಕೇ ಕೇಳ್ತೀನಿ. ನಿನ್ನ ಕೊಡೆ ಬಿಡಿಸಾಯ್ತು ಅನ್ನು. ಹಿಡ್ಕೊಂಡು ನಿಂತಿರೋರು ಯಾರು?”

“ಎಲ್ಲರೂ ಸೇರಿ.”

“ಈ ಬೀದಿ ನಲ್ಲಿನೂ ಎಲ್ಲರದ್ದೇ ಕಣೆ. ಕೆಟ್ಟಾಗ ರಿಪೇರಿ ಮಾಡ್ಸಿದ್ದು ಯಾರು?”

“ನೀನು.”

“ಹ್ಞಾಂ. ಹಿಡ್ಕೊಂಡೋನು ಕೈ ನೋಯ್ತು ಅಂತ ಮಡಚಿಬಿಟ್ರೆ?”

ಇದಕ್ಕೆ ಉತ್ತರ ನನಗೆ ಗೊತ್ತಿತ್ತು, ಹೇಳಿದೆ. ಪುಡಿ ಒಂದೆರಡು ವರ್ಷದಲ್ಲಿ ಉದುರಿಹೋಗುತ್ತದೆ, ಹಾಕುತ್ತಲೇ ಇರಬೇಕು. ಕೆಳಗೆ ಹೊಗೆ ಕಡಿಮೆ ಮಾಡದೆ ವರ್ಷಾನುಗಟ್ಟಲೆ ಹಾಕಿ, ಆಮೇಲೆ ಒಮ್ಮೆಲೇ ನಿಲ್ಲಿಸಿದರೆ, ತಡೆದಿಟ್ಟ ಬಿಸಿಯೆಲ್ಲ ಒಟ್ಟಿಗೆ ನುಗ್ಗುತ್ತದೆ. ಕಿರುಪುಸ್ತಕದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಸ್ವಲ್ಪ ಮೆತ್ತಗೇ ಹೇಳಿದೆ.

“ಇದನ್ನ ಗೋಡೆ ಮೇಲೆ ಬರ್ದಿಲ್ವಲ್ಲ?”

“ಗೋಡೆ ಚಿಕ್ಕದು ಅತ್ತೆ.”

ಅತ್ತೆ ಅಂಗಿ ಮಡಿಸಿ ಪಕ್ಕಕ್ಕಿಟ್ಟಳು. “ಆ ನೀರಿನ ಚೊಂಬು ಕೊಡೆ ಇಲ್ಲಿ,” ಅಂದಳು. ಕೊಟ್ಟೆ. ಸಭೆಯಲ್ಲಿ ಮತ ಹಾಕುವುದಕ್ಕೆ ತನ್ನ ಹತ್ತಿರದ ಗುಂಡಿಗಳನ್ನು ಕೊಡುತ್ತಾಳಂತೆ. ಇಸ್ತ್ರಿಗೆ ಬಂದ ಅಂಗಿಗಳಿಂದ ಉದುರಿದ ಗುಂಡಿಗಳು ಒಂದು ದೊಡ್ಡ ಗಾಜಿನ ಜಾಡಿ ತುಂಬ ಇವೆ. ತಲೆಗೊಂದು ಗುಂಡಿ. ಹಳೆಯ ಕಾಲದವಳಾದರೂ ಉಪಯೋಗಕ್ಕೆ ಬರುತ್ತಾಳೆ.

ಮಾರ್ಚ್ 11, ಬುಧವಾರ

ಒಳ್ಳೆಯ ದಿನ. ಇವತ್ತು ಮಾತಿನ ಮಧ್ಯೆ ಅಪ್ಪನನ್ನು ತಂದೆ. “ನಮ್ಮಪ್ಪ ಕುಲುಮೆ ಮುಂದೆ ಬಿದ್ರು” ಅಂದ ಕೂಡಲೇ ಅರ್ಧ ತೆರೆದ ಬಾಗಿಲು ಪೂರ್ತಿ ತೆರೆಯುತ್ತದೆ. ಆಮೇಲೆ ಕಣದ ಗಾತ್ರವನ್ನು ವಿವರಿಸುವ ಅಗತ್ಯವೇ ಬರುವುದಿಲ್ಲ. ಹೊಸ ಕರಪತ್ರದಲ್ಲಿ ಅಪ್ಪನ ಹಳೆಯ ಫೋಟೊ ಹಾಕಿದೆ, ಕೋಟು ತೊಟ್ಟು ಎದೆಯುಬ್ಬಿಸಿ ನಿಂತದ್ದು. ಕೆಳಗೆ: ಇವರಿಗೊಂದು ಕೊಡೆ.

ಅಪ್ಪನಿಗೆ ತೋರಿಸಿದೆ. ತುಂಬ ಹೊತ್ತು ನೋಡಿ ವಾಪಸ್ ಕೊಟ್ಟರು. ಮೆಚ್ಚಿಕೊಂಡರು ಅನ್ನಿಸುತ್ತದೆ.

ಮಾರ್ಚ್ 14, ಶನಿವಾರ

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ.

ಸಭೆಯ ಅಧ್ಯಕ್ಷರು ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರನ್ನು ಕಂಡರೆ ಎಲ್ಲರಿಗೂ ಹೆದರಿಕೆ, ಅದಕ್ಕೇ ಎಲ್ಲರಿಗೂ ಒಪ್ಪಿಗೆ. ಕಣ್ಣಿನ ಆಪರೇಷನ್ ಆಗಿ ತಿಂಗಳಿಂದ ಮನೆ ಬಿಟ್ಟು ಹೊರಟಿರಲಿಲ್ಲ. ಎರಡು ಬಿಸ್ಕತ್ತಿನ ಡಬ್ಬಿ ತಂದು, ತಾವೇ ಕಾಗದ ಅಂಟಿಸಿ, ಚೆಂದದ ಅಕ್ಷರದಲ್ಲಿ ಬರೆದಿದ್ದರು. ಒಪ್ಪಿಗೆಯಿದ್ದರೆ ಒಂದು ಡಬ್ಬಿ, ಇಲ್ಲದಿದ್ದರೆ ಇನ್ನೊಂದು. ಬಾಗಿಲಲ್ಲಿ ಅತ್ತೆ ಗುಂಡಿ ಹಂಚುತ್ತಿದ್ದಳು. ನಾನು ಮಾತಾಡಿದೆ, ಚಪ್ಪಾಳೆ ಬಿತ್ತು. ಜನ ಸಾಲಾಗಿ ಹೋಗಿ ಗುಂಡಿ ಹಾಕಿದರು. ಒಂದು ಡಬ್ಬಿ ತುಂಬಿ ತುಳುಕಿತು. ಇನ್ನೊಂದನ್ನು ಅಲ್ಲಾಡಿಸಿದರೆ ಗಲಗಲ.

ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. “ಊರು ಒಪ್ಪಿಗೆ ಕೊಟ್ಟಿಲ್ಲ.”

ಥಟ್ಟನೆ ಎದ್ದು ನಿಂತೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಬಸ್ ಡ್ರೈವರಣ್ಣ ಕೂಗಿದ: “ಏನ್ ಮೇಷ್ಟ್ರೇ, ನಾವೆಲ್ಲ ಕೊಡೆಗೇ ಹಾಕಿದ್ವಲ್ಲ!”

“ಹೌದಪ್ಪ. ಕೊಡೆ ಅಂದ್ರೆ ಒಪ್ಪಿಗೆ ಕೊಡೆನು. ಕೊಡೋದಿಲ್ಲ ಅಂತ.”

“ಕೊಡೆ ಅಂದ್ರೆ ಛತ್ರಿ ಮೇಷ್ಟ್ರೇ! ಹೊರಗೆ ಗೋಡೆ ನೋಡಿ!”

ಓಡಿ ಹೋಗಿ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಒಂದರ ಮೇಲೆ ‘ಕೊಡುವೆ’. ತುಂಬಿದ್ದರ ಮೇಲೆ ‘ಕೊಡೆ’. ನನ್ನದೇ ಪದ.

“ಹಂಗಾದ್ರೆ ಆ ಕೊಡುವೆ ಡಬ್ಬಿ ಯಾತಕ್ಕೆ?” ಅಂದ ಡ್ರೈವರಣ್ಣ. “ಅದ್ರಲ್ಲಿ ಹಾಕಿದ್ರೆ ಮನೆ ಛತ್ರಿ ತಂದು ಕೊಡ್ಬೇಕೇನೋ ಅಂತ ನಾನು ಆ ಕಡೆ ತಲೆನೇ ಹಾಕ್ಲಿಲ್ಲ!”

ಸಭೆಗೆ ಸಭೆಯೇ ನಕ್ಕಿತು. ಮೇಷ್ಟ್ರ ಮುಖ ಕೆಂಪಾಯಿತು. “ಕೊಡುವುದಿಲ್ಲ ಅಂತ ಬರೆಯೋಕೆ ಡಬ್ಬಿ ಚಿಕ್ಕದಾಯ್ತು,” ಅಂದರು.

ಬುಧವಾರ ಕಚೇರಿಗೆ ಬಂದು ಆ ಪದದ ಅರ್ಥ ಏನೆಂದು ಹೇಳಬೇಕು ಅಂತ ವಾರ್ಡ್ ಅಧಿಕಾರಿ ನನಗೆ ತಿಳಿಸಿದ್ದಾರೆ. ಊರಿಗೆ ಆ ಪದ ಹಂಚಿದವಳು ನಾನಂತೆ.

ಮಾರ್ಚ್ 15, ಭಾನುವಾರ

ಎಂಜಿನಿಯರ್ ಸಾರ್ ಮನೆಗೇ ಬಂದರು. ಅವರ ಕಣ್ಣು ಕೆಂಪಗಿತ್ತು. ಈ ಪರೀಕ್ಷೆಗಾಗಿ ಅವರು ಎಷ್ಟು ವರ್ಷ ಯಾರ್‍ಯಾರ ಬಾಗಿಲು ಕಾದಿದ್ದಾರೆ ಅಂತ ನನಗೆ ಗೊತ್ತು.

“ಯೋಚನೆ ಮಾಡೋಕೆ ಏನಿದೆ? ಮೂರು ಬೀದಿಗಳಲ್ಲಿ ಕೊಡೆ ಅಂದ್ರೆ ಛತ್ರಿ ಅಂತ ಬರ್ದಿದೆ. ಜನ ಅದಕ್ಕೇ ಹಾಕಿದ್ದಾರೆ. ಬುಧವಾರ ಅಷ್ಟು ಹೇಳು. ಗುರುವಾರ ಬೆಳಿಗ್ಗೆ ಹಾರಿಸೋಣ.”

“ಹೇಳ್ತೀನಿ ಸಾರ್.”

ಯಾಕೆ ಹೇಳಬಾರದು? ಚಪ್ಪಾಳೆ ನಾನೇ ಕೇಳಿದ್ದೇನೆ. ಒಂದು ಡಬ್ಬಿಯ ಮೇಲೆ ಜಾಗ ಸಾಲದೆ ಹೋಯಿತು ಅಂತ ಇಡೀ ಭೂಮಿ ಇನ್ನೊಂದು ವರ್ಷ ಬೇಯಬೇಕೇ? ವ್ಯಾಕರಣಕ್ಕಿಂತ ಬಿಸಿಲು ದೊಡ್ಡದು. ಇದರಲ್ಲಿ ನನಗೆ ಲವಲೇಶವೂ ಅನುಮಾನವಿಲ್ಲ.

ಮಾರ್ಚ್ 16, ಸೋಮವಾರ

ಗುಂಡಿ ವಾಪಸ್ ಕೊಡಲು ಅತ್ತೆಯ ಅಂಗಡಿಗೆ ಹೋದೆ. ಇಸ್ತ್ರಿ ಮೇಜಿನ ಮೇಲೆ ‘ಕೊಡೆ’ ಡಬ್ಬಿ ಮಗುಚಿದೆವು.

“ನೀನು ಯಾವುದಕ್ಕೆ ಹಾಕಿದ್ದು?”

“ಕೊಡೆಗೆ.”

“ನೋಡಿದ್ಯಾ! ನಿಂಗೂ ಬೇಕು.”

“ಅಯ್ಯೋ ಪೆದ್ದಿ, ನಾನು ಹಾಕಿದ್ದು ಕೊಡಲ್ಲ ಅಂತ! ಮೇಷ್ಟ್ರ ಹತ್ರ ಓದಿದೋಳು ನಾನು, ಹಳೇ ಪಾಠ ಮರ್ತಿಲ್ಲ. ಪಕ್ಕದ ಬೇಕರಿಯವಳು ಛತ್ರಿ ಅಂತ ಹಾಕಿದ್ಲು. ಡಬ್ಬಿಯೊಳಗೆ ಇಬ್ಬರೂ ಅಕ್ಕಪಕ್ಕ ಕೂತ್ವಿ.” ಅತ್ತೆ ಎರಡು ಬಿಳಿ ಗುಂಡಿ ಎತ್ತಿ ಹಿಡಿದಳು. “ಹೇಳು ನೋಡೋಣ, ಇದ್ರಲ್ಲಿ ನಾನ್ಯಾರು, ಅವಳ್ಯಾರು?”

ಅಂಗಿ ಗುಂಡಿಗಳ ರಾಶಿಯ ನಡುವೆ ಒಂದು ದೊಡ್ಡ ಕರಿ ಗುಂಡಿ ಇತ್ತು. ದಪ್ಪಗೆ, ಒಂದು ಅಂಚು ಕಾವಿಗೆ ಸುಕ್ಕಾಗಿ, ತೂತಿನಲ್ಲಿ ಇನ್ನೂ ಕಂದು ದಾರ. ಅದು ಅತ್ತೆಯ ಜಾಡಿಯದಲ್ಲ.

“ಅಣ್ಣನದು,” ಅಂದಳು ಅತ್ತೆ. “ಬಾಗಿಲಲ್ಲಿ ನಾನು ಕೊಡೋಕೆ ಹೋದ್ರೆ, ಬೇಡ, ತಂದಿದ್ದೀನಿ ಅಂದ.”

ಅಪ್ಪ ಸಭೆಗೆ ಬಂದದ್ದೇ ನನಗೆ ಗೊತ್ತಿರಲಿಲ್ಲ. ಆ ಗುಂಡಿ ಹಿಡಿದು ಮೇಲೆ ಹೋಗಿ ಬಾಗಿಲ ಹಿಂದೆ ನೋಡಿದೆ. ಕೋಟಿನ ಮೇಲಿನ ಗುಂಡಿಯ ಜಾಗ ಖಾಲಿ. ಕಿತ್ತದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು.

ಅಪ್ಪ ಯಾವ ಕೊಡೆಗೆ ಹಾಕಿದರು? ಒಂದು ಪ್ರಶ್ನೆ ಅಷ್ಟೆ. ಕೇಳಿದರಾಯಿತು. ನಾಳೆ ಕೇಳುತ್ತೇನೆ.

ಮಾರ್ಚ್ 17, ಮಂಗಳವಾರ

ಅನ್ನಕ್ಕಿಡುವಾಗ ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಕಿಟಕಿಯ ಬಟ್ಟೆ ಮತ್ತೆ ಒದ್ದೆ ಮಾಡಿ ಕಟ್ಟುವಾಗ ಕೇಳಬೇಕು ಅಂದುಕೊಂಡೆ. ತಟ್ಟೆ ಇಟ್ಟು ಎದುರು ಕೂತಾಗ ಕರಿ ಗುಂಡಿಯನ್ನು ಮಧ್ಯೆ ಇಟ್ಟೆ.

“ಕೋಟಿನದು ಯಾಕಪ್ಪ ಕತ್ತರಿಸಿದ್ರಿ?”

“ಇನ್ನು ಆ ಕೋಟಿಗೆ ಗುಂಡಿ ಯಾಕಮ್ಮ?”

ಫ್ಯಾನು ತಿರುಗುತ್ತಿತ್ತು. “ಡಬ್ಬಿಗೆ ಹಾಕಿದ್ರಲ್ಲ... ಛತ್ರಿ ಅಂತಲಾ, ಕೊಡಲ್ಲ ಅಂತಲಾ?”

ಅಪ್ಪ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದರು. “ಈಗ ಕೇಳ್ದೆ ನೋಡು. ಇದೇ ಮೊದಲು. ಬೀದಿಬೀದಿ ಸುತ್ತಿ ಎಲ್ಲರನ್ನೂ ಕೇಳ್ದೆ. ನನ್ನನ್ನ ತೋರ್ಸಿ ಕೇಳ್ದೆ. ನನ್ನನ್ನ ಕೇಳ್ಲಿಲ್ಲ.”

ಕೋಪದಿಂದ ಅಂದದ್ದಲ್ಲ. ಶೆಡ್ಡಿನಲ್ಲಿ ನಾವು ಉಷ್ಣಾಂಶ ಓದಿ ಹೇಳುತ್ತೇವಲ್ಲ, ಹಾಗೆ.

“ನಿಮಗೋಸ್ಕರನೇ ಅಲ್ವಾ ಅಪ್ಪ ಇದೆಲ್ಲ?”

“ಗೊತ್ತು. ಅದಕ್ಕೇ ಬಾಯಿ ಬಿಡ್ಲಿಲ್ಲ. ಕೊಡಲ್ಲ ಅಂತಲೇ ಹಾಕ್ದೆ. ಬೇಡ ಅಂತಲ್ಲ. ಕೇಳೋವರೆಗೂ ಕೊಡಲ್ಲ ಅಂತ.”

ಆಮೇಲೆ ಅಪ್ಪ ಕೇಳುತ್ತಾ ಹೋದರು. ಈ ಬಲೂನು ಹಾರಿದರೆ ಈ ಬೇಸಿಗೆ ತಣ್ಣಗಾಗುತ್ತಾ? ಇಲ್ಲ. ಬರುವ ಬೇಸಿಗೆ? ಇಲ್ಲ, ಇದು ಪುಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಲು ಮಾತ್ರ. “ಹಾಗಂತ ಬಾಗಿಲಲ್ಲಿ ನಿಂತು ಹೇಳಿದ್ಯಾ?” ಹೇಳಿರಲಿಲ್ಲ. ಮುಂದೆ ಯಾವತ್ತೋ ದೊಡ್ಡದಾಗಿ ಮಾಡಿದರೆ ಮಳೆ ಏನಾಗುತ್ತದೆ? ಕೆಲವು ಕಡೆ ಜಾಗ ಬದಲಿಸಬಹುದು, ಎಲ್ಲಿ ಎಷ್ಟು ಅಂತ ಸರಿಯಾಗಿ ಗೊತ್ತಿಲ್ಲ. ಹೊಗೆ ಬಿಡುವುದನ್ನು ನಿಲ್ಲಿಸಬೇಕಾಗಿಲ್ಲವಾ ಹಾಗಾದರೆ? ನಿಲ್ಲಿಸಲೇಬೇಕು. ಇದು ಜ್ವರಕ್ಕೆ ಹಣೆಯ ಮೇಲಿನ ಒದ್ದೆ ಬಟ್ಟೆ, ಔಷಧಿಯಲ್ಲ.

“ಎಷ್ಟೊಂದು ಗೊತ್ತು ನಿಂಗೆ!” ಅಂದರು ಅಪ್ಪ. ನಿಜವಾಗಿಯೂ ಆಶ್ಚರ್ಯಪಟ್ಟು. “ಇಷ್ಟು ಗೊತ್ತಿದ್ದೂ ಗೋಡೆ ಮೇಲೆ ಎರಡೇ ಅಕ್ಷರ ಬರ್ದ್ಯಲ್ಲ.”

ಅನ್ನ ಆರಿಹೋಗಿತ್ತು. “ಪರವಾಗಿಲ್ಲ, ಈ ಮನೇಲಿ ಏನೋ ಒಂದಾದ್ರೂ ತಣ್ಣಗಾಯ್ತು,” ಅಂದು ಅಪ್ಪ ಕಲಸಿಕೊಂಡರು. ತುಂಬ ದಿನಗಳ ಮೇಲೆ ಎರಡನೇ ಸಲ ಬಡಿಸಿಕೊಂಡರು.

ಮಾರ್ಚ್ 18, ಬುಧವಾರ

ಅಧಿಕಾರಿಯ ಮೇಜಿನ ಮೇಲೆ ಎರಡೂ ಖಾಲಿ ಡಬ್ಬಿ ಇಟ್ಟಿದ್ದರು. ಎಂಜಿನಿಯರ್ ಸಾರ್ ನನ್ನ ಪಕ್ಕದಲ್ಲೇ ನಿಂತಿದ್ದರು.

“ಹೇಳಮ್ಮ. ಕೊಡೆ ಅಂದ್ರೆ ಏನು?”

“ಗೊತ್ತಿಲ್ಲ ಸಾರ್. ಕೆಲವರಿಗೆ ಛತ್ರಿ, ಕೆಲವರಿಗೆ ಕೊಡಲ್ಲ. ನಮ್ಮಪ್ಪನಿಗೆ ಮೂರನೇ ಅರ್ಥ ಇದೆ. ಇನ್ನೊಂದ್ಸಲ ಕೇಳ್ಬೇಕು. ಸರಿಯಾಗಿ ಹೇಳಿ, ಆಮೇಲೆ ಕೇಳ್ಬೇಕು.”

ಹಾಗಾದರೆ ಇನ್ನೊಮ್ಮೆ ಮತ ಹಾಕಿಸಿ ಅಂದರು ಅಧಿಕಾರಿ. ಹೊರಗೆ ಬರುತ್ತಿದ್ದ ಹಾಗೆ ಎಂಜಿನಿಯರ್ ಸಾರ್ ಸಿಡಿದರು. “ಗಾಳಿ ನಿನ್ನ ವ್ಯಾಕರಣಕ್ಕೆ ಕಾಯುತ್ತಾ?”

“ಕಾಯಲ್ಲ ಸಾರ್. ಆದ್ರೆ ತಿಂಗಳ ಕೊನೇವರೆಗೂ ಇರುತ್ತೆ ಅಂತ ನೀವೇ ಹೇಳಿದ್ರಿ.”

“ಮತ್ತೆ ಕೇಳಿ, ಜನ ಬೇಡ ಅಂದ್ರೆ?”

“ಬೇಡ ಅಂತ ಗೊತ್ತಾಗುತ್ತೆ.”

“ನೀನು ನಮ್ಮ ಕಡೆ ಅಂದ್ಕೊಂಡಿದ್ದೆ.”

“ನಿಮ್ಮ ಕಡೆನೇ ಸಾರ್. ಕದ್ದು ಹಾರ್ಸಿದ ಬಲೂನು ಒಂದೇ ಸಲ ಹಾರೋದು. ನಾವು ಮುಂದೆ ಎಷ್ಟೋ ಸಲ ಹಾರ್ಸೋದಿದೆ.”

ಸ್ಕೂಟರ್ ಹತ್ತಿ ಹೋದರು. ಕೆಲಸ ಉಳಿಯಿತೋ ಹೋಯಿತೋ ಗೊತ್ತಿಲ್ಲ. ನಾನು ಹೇಳಿದ್ದು ಸರಿ. ಮೊದಲಿಂದಲೂ ನಾನು ಇದನ್ನೇ ಹೇಳುತ್ತಿದ್ದೇನೆ.

ಮಾರ್ಚ್ 19, ಗುರುವಾರ

ಆಕಾಶ ತೊಳೆದ ಹಾಗಿತ್ತು. ಹಾರಿಸಲು ಹೇಳಿಮಾಡಿಸಿದ ಬೆಳಗು. ಶೆಡ್ಡಿಗೆ ಬೀಗ.

ಮಾರ್ಚ್ 20, ಶುಕ್ರವಾರ

ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯ ಪಕ್ಕದ ಉದ್ದನೆಯ ಗೋಡೆಗೆ ಬಿಳಿ ಬಳಿದು ಬರೆಯಲು ಶುರುಮಾಡಿದೆ. ಪುಡಿ ಯಾವುದು, ಎಷ್ಟು, ಎಲ್ಲಿಗೆ ಹೋಗುತ್ತದೆ. ಈ ಪರೀಕ್ಷೆಯಿಂದ ಏನಾಗುತ್ತದೆ, ಏನಾಗುವುದಿಲ್ಲ. ಮುಂದೆ ದೊಡ್ಡದಾಗಿ ಮಾಡಿದರೆ ಏನು ಅಪಾಯ, ಮಾಡದಿದ್ದರೆ ಏನು. ಹಿಡಿದ ಕೊಡೆಯನ್ನು ಒಮ್ಮೆಲೇ ಮಡಚಿದರೆ ಏನು. ಬರೆದಷ್ಟೂ ಇದೆ. ಅತ್ತೆ ಬಟ್ಟೆಗಂಟು ಹೊತ್ತು ಹೋಗುವಾಗ ನಿಂತು ಓದಿದಳು.

“ಈಗ ಗೋಡೆ ಸಾಕಾಯ್ತೇನೆ?”

“ಇನ್ನೊಂದಿದ್ರೆ ಚೆನ್ನಾಗಿತ್ತು.”

“ನಮ್ಮಂಗಡಿ ಗೋಡೆ ಇದೆ. ಅಕ್ಷರ ಮಾತ್ರ ನೆಟ್ಟಗಿರ್ಲಿ, ಗಿರಾಕಿಗಳು ನೋಡ್ತಾರೆ.”

ಹೊಸ ಡಬ್ಬಿಗಳಿಗೆ ಮೇಷ್ಟ್ರು ‘ಆಗಲಿ’ ಅಂತ ಬರೆದು ತಾವೇ ಹರಿದು ಹಾಕಿದರಂತೆ. ದೀರ್ಘ ಅಳಿಸಿಹೋದರೆ ‘ಅಗಲಿ’ ಆಗಿಬಿಡುತ್ತದೆ, ಊರಿನವರು ಯಾರು ಸತ್ತರು ಅಂತ ಕೇಳುತ್ತಾರೆ ಅಂದರು. ಕೊನೆಗೆ ‘ಹೌದು’, ‘ಬೇಡ’. ಎರಡನ್ನೂ ನಾಲ್ಕು ಜನರಿಗೆ ಓದಿಸಿ, ಬೇರೆ ಅರ್ಥ ಇದೆಯಾ ಅಂತ ವಿಚಾರಿಸಿಕೊಂಡರು.

ಮಧ್ಯಾಹ್ನ ನನ್ನ ಏಣಿ ಅಲ್ಲಾಡುವುದು ನಿಂತಿತು. ಕೆಳಗೆ ನೋಡಿದರೆ ಎಂಜಿನಿಯರ್ ಸಾರ್ ಹಿಡಿದುಕೊಂಡಿದ್ದಾರೆ. ಬಗಲಲ್ಲಿ ಕಪ್ಪು ಬಟ್ಟೆ, ಟಾರ್ಚು. “ಜನ ಬಂದಾಗ ಪುಡಿ ತೋರ್ಸೋಣ,” ಅಂದರು. ಆಮೇಲೆ, “ಮೂರನೇ ಸಾಲಲ್ಲಿ ಓಜೋನ್‌ಗೆ ದೀರ್ಘ ಬಿಟ್ಟಿದ್ದೀಯ.” ನಾಳೆಯಿಂದ ಶೆಡ್ಡಿಗೆ ಬರಬೇಕೋ ಬೇಡವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಂಜೆಯವರೆಗೂ ಏಣಿ ಹಿಡಿದರು.

ನನ್ನ ಗುಂಡಿ ಹೌದು ಡಬ್ಬಿಗೆ. ಕೇಳಿದವರಿಗೆಲ್ಲ ಹೇಳುತ್ತೇನೆ. ಅತ್ತೆಯದು ಬೇಡ ಡಬ್ಬಿಗೆ, ಅವಳೂ ಹೇಳುತ್ತಾಳೆ. ಕರಿ ಗುಂಡಿಯನ್ನು ಅಪ್ಪನಿಗೆ ವಾಪಸ್ ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡಿದ್ದಾರೆ. ಯಾವ ಡಬ್ಬಿಗೆ ಅಂತ ಕೇಳಿದೆ. “ಅಲ್ಲಿ ಬಂದು ನೋಡಿ, ಕೇಳಿ, ಆಮೇಲೆ,” ಅಂದರು. ಬಿಸಿಲೇರುವ ಮೊದಲಾದರೆ ತಾವೇ ನಡೆದು ಬರುತ್ತಾರಂತೆ. ಅದಕ್ಕೇ ಹೊಸ ಸಭೆಯ ಹೊತ್ತನ್ನು ಅಪ್ಪನನ್ನು ಕೇಳಿಯೇ ಗೊತ್ತುಮಾಡಿದೆವು. ಗೋಡೆಯ ಕೊನೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದು ಇಳಿದೆ:

ಭಾನುವಾರ, ಮಾರ್ಚ್ 22, ಬೆಳಿಗ್ಗೆ ಏಳೂವರೆಗೆ, ಬಲೂನ್ ಶೆಡ್ಡಿನ ಮುಂದೆ.